‘ನಿಮಗೇನಾದರೂ ಕೇಳುವುದಿದೆಯೇ?’

ಕಳೆದ ತಿಂಗಳು ನಮ್ಮ ಕಾಲೇಜಿನ ಸಭಾಂಗಣದಲ್ಲಿ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವರಿಗೆ ಅಣಕು ಸಂದರ್ಶನ ನಡೆಯಿತು. ಮೇಜಿನ ಆಚೆ ಇಬ್ಬರು ಉಪನ್ಯಾಸಕರು, ಈಚೆ ಇಸ್ತ್ರಿ ಹಾಕಿದ ಸಮವಸ್ತ್ರದಲ್ಲಿ ಬೆವರುತ್ತಾ ಕುಳಿತ ನಾವು. ನಿಮ್ಮ ಬಗ್ಗೆ ಹೇಳಿ, ನಿಮ್ಮ ದೌರ್ಬಲ್ಯವೇನು, ಐದು ವರ್ಷಗಳ ನಂತರ ಏನಾಗಬೇಕೆಂದಿದ್ದೀರಿ ಎಂಬ ಪ್ರಶ್ನೆಗಳಿಗೆಲ್ಲ ನಮ್ಮ ಬಳಿ ಬಾಯಿಪಾಠ ಮಾಡಿದ ಉತ್ತರಗಳಿದ್ದವು. ಕೊನೆಗೆ ಸರ್ ಕೇಳಿದರು: “ನಿಮಗೇನಾದರೂ ಕೇಳುವುದಿದೆಯೇ?” ನಾನು “ಇಲ್ಲ ಸರ್, ಥ್ಯಾಂಕ್ಯೂ” ಎಂದು ಎದ್ದು ಬಂದೆ. ನನ್ನ ಮೊದಲು ಹೋದವರೂ ನಂತರ ಹೋದವರೂ ಅದನ್ನೇ ಹೇಳಿದರಂತೆ. ಅದು ವಿನಯ ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ನನ್ನ ಪ್ರಕಾರ ಅದು ಹೆದರಿಕೆ. ಆ ಹೆದರಿಕೆಗೆ ನಾನು ಈಗಾಗಲೇ ಒಮ್ಮೆ ಬೆಲೆ ತೆತ್ತಿದ್ದೇನೆ.

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಪೇಟೆಯ ಒಂದು ಬಟ್ಟೆ ಅಂಗಡಿಗೆ ಸೇರಿದ್ದೆ. ಮದುವೆಯ ಸೀಸನ್. ಮಾಲಕರು ಎರಡೇ ಮಾತು ಆಡಿದರು: “ತಿಂಗಳಿಗೆ ಒಂಬತ್ತು ಸಾವಿರ. ನಾಳೆಯಿಂದ ಬಾ.” ನಾನು ತಲೆಯಾಡಿಸಿದೆ. ಆ ಒಂಬತ್ತು ಸಾವಿರವನ್ನು ಮನಸ್ಸಿನಲ್ಲೇ ಈ ವರ್ಷದ ಫೀಸಿಗೆ ಕಟ್ಟಿಯೂ ಆಗಿತ್ತು. ತಿಂಗಳ ಕೊನೆಗೆ ಕೈಗೆ ಬಂದದ್ದು 7,200 ರೂಪಾಯಿ. ಅಂಗಡಿ ಮುಚ್ಚಿದ್ದ ನಾಲ್ಕು ಭಾನುವಾರಗಳಿಗೆ ತಲಾ 300ರಂತೆ 1,200 ಕಡಿತ. ಶುಕ್ರವಾರ ಜುಮಾ ಮುಗಿಸಿ ಬರುವಾಗ ಒಂದು ಗಂಟೆ ತಡವಾಗುತ್ತಿತ್ತು, ಅದಕ್ಕೆ ಪ್ರತಿ ಸಲ ಅರ್ಧ ದಿನದ ಲೆಕ್ಕ, ಒಟ್ಟು 600. “ಇಲ್ಲಿ ಎಲ್ಲರಿಗೂ ಹೀಗೆಯೇ, ನಿನಗೆ ಗೊತ್ತಿರಲಿಲ್ಲವಾ?” ಎಂದು ಅವರು ನಿಜವಾದ ಆಶ್ಚರ್ಯದಿಂದ ಕೇಳಿದರು. ಅವರು ಮೋಸ ಮಾಡಿದರು ಎಂದು ನಾನು ಹೇಳಲಾರೆ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮೊದಲ ದಿನ ಅರ್ಧ ನಿಮಿಷದಲ್ಲಿ ಕೇಳಬಹುದಾಗಿದ್ದ ಎರಡು ಪ್ರಶ್ನೆಗಳಿಗೆ ನಾನು ಕೊಟ್ಟ ಬೆಲೆ 1,800 ರೂಪಾಯಿ.

ಈ ಮಾತು ಹೇಳಿದಾಗ ನನ್ನ ಗೆಳೆಯರು ತಕ್ಷಣ ಒಂದು ಆಕ್ಷೇಪ ಎತ್ತುತ್ತಾರೆ. “ಕೆಲಸ ಬೇಕಾದವನು ನಾನು. ಪ್ರಶ್ನೆ ಕೇಳಿದರೆ ಹೊರಗೆ ಸಾಲಿನಲ್ಲಿ ನಿಂತ ಇನ್ನೊಬ್ಬನಿಗೆ ಕೊಡುತ್ತಾರೆ.” ಇದನ್ನು ನಾನು ತಳ್ಳಿಹಾಕುವುದಿಲ್ಲ. ಬಿ.ಕಾಂ. ಮುಗಿಸಿದ ನನ್ನ ಅಕ್ಕನಿಗೆ ಹಾಗೆಯೇ ಆಯಿತು. ಒಂದು ಕಚೇರಿಯಲ್ಲಿ ಲೆಕ್ಕಪತ್ರ ಸಹಾಯಕಿಯ ಹುದ್ದೆಗೆ ಹೋದವಳು ಕುಳಿತ ಕೂಡಲೇ ಸಂಬಳ, ರಜೆ, ಬಡ್ತಿ ಎಂದು ಒಂದರ ಮೇಲೊಂದು ಕೇಳಿದ್ದಾಳೆ. “ಬಂದ ದಿನವೇ ಇಷ್ಟೆಲ್ಲ ಕೇಳುತ್ತೀರಲ್ಲಮ್ಮ” ಎಂದವರು ಮತ್ತೆ ಕರೆಯಲಿಲ್ಲ. “ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು” ಎಂದು ಉಮ್ಮ ವಾರವಿಡೀ ಗೊಣಗಿದರು.

ಆದರೆ ಅಕ್ಕ ಬಾಯಿ ಮುಚ್ಚಲಿಲ್ಲ. ಕೇಳುವ ಕ್ರಮ ಬದಲಿಸಿದಳು. ಮುಂದಿನ ಸಂದರ್ಶನ ಒಬ್ಬ ಲೆಕ್ಕ ಪರಿಶೋಧಕರ ಕಚೇರಿಯಲ್ಲಿತ್ತು. ಅವಳು ಮೊದಲು ಕೇಳಿದ್ದು ಕೆಲಸದ ಬಗ್ಗೆ: “ಮೊದಲ ಮೂರು ತಿಂಗಳಲ್ಲಿ ನಾನು ಏನೇನು ಕಲಿತಿರಬೇಕೆಂದು ನೀವು ಬಯಸುತ್ತೀರಿ ಸರ್?” ನಂತರ: “ಯಾವ ದಿನಗಳಲ್ಲಿ ಕೆಲಸ ತಡವಾಗಿ ಮುಗಿಯುತ್ತದೆ?” ಎರಡನೆಯದನ್ನು ಕೇಳಲು ಅವಳಿಗೆ ಕಾರಣವಿತ್ತು. ನಮ್ಮ ಊರಿಗೆ ಕೊನೆಯ ಬಸ್ಸು ಏಳೂಕಾಲಕ್ಕೆ. ತಿಂಗಳ 20ನೇ ತಾರೀಕಿನೊಳಗೆ ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕಾದ್ದರಿಂದ ಅದರ ಹಿಂದಿನ ಎರಡು ಮೂರು ದಿನ, ಮತ್ತೆ ಮಾರ್ಚ್ ಕೊನೆಯಲ್ಲಿ ತಡವಾಗುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಕೆಲಸ ಖಚಿತವಾದ ಮೇಲೆ ಸಂಬಳದ ವಿವರ ಕೇಳಿದಳು. ಈಗ ಆ ಮೂರು ದಿನ ಅಬ್ಬ ಸ್ಕೂಟರ್ ತೆಗೆದುಕೊಂಡು ಹೋಗಿ ಕರೆತರುತ್ತಾರೆ. ಇದು ಮೊದಲೇ ಗೊತ್ತಿರದಿದ್ದರೆ ಮೊದಲ ತಿಂಗಳ 18ಕ್ಕೇ ಮನೆಯಲ್ಲಿ ಜಗಳವಾಗಿ ಕೆಲಸ ಬಿಡಿಸುತ್ತಿದ್ದರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವ ಗಾದೆಗೆ ನಮ್ಮ ಮನೆಯೇ ಸಾಕ್ಷಿ.

ಹಾಗಾದರೆ ಯಾವುದನ್ನು ಕೇಳಬೇಕು? ಫಲಕದಲ್ಲೋ ವೆಬ್‌ಸೈಟಿನಲ್ಲೋ ಇರುವುದನ್ನು ಕೇಳಬಾರದು. “ನಿಮ್ಮ ಸಂಸ್ಥೆ ಏನು ಮಾಡುತ್ತದೆ?” ಎಂದು ಕೇಳಿದರೆ ಮನೆಯಿಂದ ತಯಾರಾಗದೆ ಬಂದಿದ್ದೇವೆ ಎಂದು ನಾವೇ ಒಪ್ಪಿಕೊಂಡಂತೆ. ಎರಡು ಮೂರು ಪ್ರಶ್ನೆ ಸಾಕು. ಅಕ್ಕನ ಮೇಲಿನ ಎರಡರ ಜೊತೆಗೆ ನಾನು ಇನ್ನೊಂದನ್ನು ಸೇರಿಸುತ್ತೇನೆ: “ಈ ಜಾಗದಲ್ಲಿ ಮೊದಲು ಇದ್ದವರು ಈಗ ಎಲ್ಲಿದ್ದಾರೆ?” ಬಡ್ತಿ ಪಡೆದು ಅಲ್ಲೇ ಇದ್ದಾರೆ ಎಂದರೆ ಒಂದು ಅರ್ಥ, ವರ್ಷಕ್ಕೆ ಮೂವರು ಬಿಟ್ಟು ಹೋಗಿದ್ದಾರೆ ಎಂದರೆ ಇನ್ನೊಂದು ಅರ್ಥ. ಉತ್ತರ ಕೊಡದೆ ಮುಖ ಗಂಟಿಕ್ಕಿದರೆ ಅದೂ ಒಂದು ಉತ್ತರವೇ.

ಸಂಬಳದ ವಿಷಯವನ್ನು ಕೆಲಸ ಕೊಡುತ್ತೇವೆ ಎಂದು ಅವರು ಹೇಳಿದ ಮೇಲೆ, ಒಪ್ಪಿಕೊಳ್ಳುವ ಮೊದಲು ಕೇಳಬೇಕು. “ಕೈಗೆ ಎಷ್ಟು ಬರುತ್ತದೆ?” ಎಂದೇ ಕೇಳಬೇಕು. ಮೂಲ ವೇತನ 15,000 ರೂಪಾಯಿ ಎಂದುಕೊಳ್ಳಿ. ಅದರ ಶೇ. 12, ಅಂದರೆ 1,800 ರೂಪಾಯಿ ಭವಿಷ್ಯ ನಿಧಿಗೆ ಹೋಗುತ್ತದೆ. ಶೇ. 0.75, ಅಂದರೆ 113 ರೂಪಾಯಿ ಇಎಸ್‌ಐಗೆ. ಕೈಗೆ ಸಿಗುವುದು 13,087. ಇದು ನಷ್ಟವಲ್ಲ. ಭವಿಷ್ಯ ನಿಧಿಗೆ ಮಾಲಕರೂ ಪಾಲು ಹಾಕುತ್ತಾರೆ, ಇಎಸ್‌ಐಯಿಂದ ಚಿಕಿತ್ಸೆ ಸಿಗುತ್ತದೆ. ಹಾಗಾಗಿ ಕಡಿತವಿಲ್ಲದೆ 14,000 ಕೊಡುವ ಕೆಲಸಕ್ಕಿಂತ ಇದೇ ಮೇಲಾಗಬಹುದು. ಆದರೆ ಲೆಕ್ಕ ಗೊತ್ತಿದ್ದವರಿಗೆ ಮಾತ್ರ ಹೋಲಿಸಿ ನೋಡಲು ಸಾಧ್ಯ. ನಾವು ವಾಣಿಜ್ಯ ವಿದ್ಯಾರ್ಥಿಗಳು, ಇಷ್ಟು ಲೆಕ್ಕಕ್ಕೆ ಹೆದರಬಾರದು.

ಇನ್ನು ಕೆಲವು ಪ್ರಶ್ನೆಗಳನ್ನು ಕೆಲಸ ತಪ್ಪಿದರೂ ಸರಿ, ಕೇಳಲೇಬೇಕು. ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುತ್ತೀರಾ? ಇಷ್ಟು ವರ್ಷ ಬಿಡಬಾರದೆಂಬ ಬಾಂಡ್ ಇದೆಯೇ? ಠೇವಣಿ ಕಟ್ಟಬೇಕೇ? ನೇಮಕಾತಿ ಪತ್ರ ಕೊಡುತ್ತೀರಾ? ಕೊನೆಯದು ನಮ್ಮ ಹಕ್ಕು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ನೇಮಕಾತಿ ಆದೇಶ, ವಾರದ ರಜೆ ಎರಡೂ ಇವೆ. ಇದನ್ನು ನಾನು ತಿಳಿದದ್ದು ಅಂಗಡಿ ಬಿಟ್ಟ ಮೇಲೆ. ಕೊಲ್ಲಿ ದೇಶಗಳಿಗೆ ಹೋಗುವ ಅಣ್ಣಂದಿರಿಗೆ ಪ್ರಶ್ನೆಗಳು ಇನ್ನೂ ಇವೆ: ವೀಸಾದಲ್ಲಿ ಬರೆದಿರುವ ಹುದ್ದೆ ಯಾವುದು, ಊಟ ವಸತಿ ಯಾರ ಖರ್ಚು, ಏಜೆಂಟ್ ಇ-ಮೈಗ್ರೇಟ್‌ನಲ್ಲಿ ನೋಂದಾಯಿಸಿದವರೇ? ನನ್ನ ಮಾಮ ಸ್ಟೋರ್ ಕೀಪರ್ ಎಂದು ಹೋಗಿ ಎರಡು ವರ್ಷ ಲೋಡ್ ಇಳಿಸಿದರು. ವೀಸಾದ ಆ ಒಂದು ಸಾಲನ್ನು ಅವರು ಯಾರಿಂದಲೂ ಓದಿಸಿರಲಿಲ್ಲ.

ನಮ್ಮಲ್ಲಿ ಅನೇಕರಿಗೆ ಕೇಳಲು ಅತ್ಯಂತ ಕಷ್ಟವಾಗುವುದು ಶುಕ್ರವಾರದ ಪ್ರಶ್ನೆ. ಸೇರಿದ ಮೇಲೆ ನೋಡಿಕೊಳ್ಳೋಣ ಎಂದು ಮುಂದೂಡುತ್ತೇವೆ. ನಾನೂ ಮುಂದೂಡಿದ್ದೆ, ಅರ್ಧ ದಿನದ ಲೆಕ್ಕಕ್ಕೆ ಸಿಕ್ಕಿದೆ. ಅಳುಕುತ್ತಾ ಬೇಡುವ ಅಗತ್ಯವಿಲ್ಲ, ವಾದಕ್ಕೂ ಇಳಿಯಬೇಕಿಲ್ಲ. “ಶುಕ್ರವಾರ ಮಧ್ಯಾಹ್ನ ನನಗೆ ಒಂದು ಗಂಟೆ ಬೇಕು, ಅದನ್ನು ಸಂಜೆ ಕೆಲಸ ಮಾಡಿ ತುಂಬಿಸಬಹುದೇ?” ಎಂದು ಕೆಲಸದ ವ್ಯವಸ್ಥೆಯ ಮಾತಾಗಿ ಕೇಳಿದರೆ ಹೆಚ್ಚಿನವರು ಹೌದು ಅಥವಾ ಇಲ್ಲ ಎಂದು ನೇರವಾಗಿ ಹೇಳುತ್ತಾರೆ ಎಂಬುದು ನನ್ನ ನಂಬಿಕೆ. ಇಲ್ಲ ಎಂದರೂ ನಿರ್ಧಾರ ನಮ್ಮ ಕೈಯಲ್ಲಿರುತ್ತದೆ. ಅಕ್ಕ ತಂಗಿಯರು ತಲೆವಸ್ತ್ರದ ಬಗ್ಗೆಯೂ ಹೀಗೆಯೇ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ನಮ್ಮ ಕಾಲೇಜಿನ ವೃತ್ತಿ ಮಾರ್ಗದರ್ಶನ ಘಟಕಕ್ಕೆ ನನ್ನದೊಂದು ವಿನಂತಿ. ಅಣಕು ಸಂದರ್ಶನದಲ್ಲಿ ಉತ್ತರಗಳಿಗೆ ಅಂಕ ಕೊಡುತ್ತೀರಿ. ಅದರಲ್ಲಿ ಐದು ಅಂಕವನ್ನು ವಿದ್ಯಾರ್ಥಿ ಕೇಳುವ ಪ್ರಶ್ನೆಗಳಿಗೆ ಮೀಸಲಿಡಿ. ಒಂದು ನೇಮಕಾತಿ ಪತ್ರ, ಒಂದು ಸಂಬಳದ ಚೀಟಿ ತಂದು ತರಗತಿಯಲ್ಲಿ ಓದಿಸಿ. ಹಳೆ ವಿದ್ಯಾರ್ಥಿಗಳನ್ನು ಕರೆಸಿದಾಗ ಅವರ ಸಾಧನೆಯ ಜೊತೆಗೆ, ಅವರು ಕೇಳದೆ ಉಳಿದ ಪ್ರಶ್ನೆ ಯಾವುದೆಂದೂ ವಿಚಾರಿಸಿ.

ಪರೀಕ್ಷೆ ಮುಗಿದರೆ ಮತ್ತೆ ರಜೆ, ಮತ್ತೆ ಕೆಲಸ ಹುಡುಕಬೇಕು, ಈ ಸಲ ಡಿಗ್ರಿಯ ಫೀಸಿಗೆ. ಒಂದು ಚೀಟಿಯಲ್ಲಿ ಮೂರು ಪ್ರಶ್ನೆ ಬರೆದು ಕಿಸೆಯಲ್ಲಿಟ್ಟುಕೊಂಡಿದ್ದೇನೆ. ಮೊದಲನೆಯದು ಭಾನುವಾರದ ಬಗ್ಗೆ.