ಕಬ್ಬಿಣದ ಕಡಲೆಯೇ ಈ ಗಣಿತ?

ಸಿಇಟಿ ಫಲಿತಾಂಶ ಹೊರಬಿದ್ದಾಗ ನಮ್ಮ ಸಮಾಜದ ಮನೆಗಳಲ್ಲಿ ಕಾಣುವ ಸಂಭ್ರಮವನ್ನು ಬಣ್ಣಿಸಬೇಕಾಗಿಲ್ಲ. ಮಗನಿಗೋ ಮಗಳಿಗೋ ಎಂಜಿನಿಯರಿಂಗ್ ಸೀಟು ದೊರೆಯಿತೆಂದರೆ ಮಠಕ್ಕೆ ಹೋಗಿ ಶ್ರೀಗಳ ಆಶೀರ್ವಾದ ಪಡೆದು, ನೆರೆಹೊರೆಗೆ ಪೇಡೆ ಹಂಚಿ, ರೊಟ್ಟಿ-ಚಟ್ನಿಪುಡಿಯ ಗಂಟು ಕಟ್ಟಿ ಮಕ್ಕಳನ್ನು ಕಳುಹಿಸಿಕೊಡುತ್ತೇವೆ. ಆರು ತಿಂಗಳು ಕಳೆದು ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ದಿನ ಅದೇ ಮನೆಗಳಲ್ಲಿ ಯಾರೂ ಹೆಚ್ಚು ಮಾತನಾಡುವುದಿಲ್ಲ. ಉಳಿದ ವಿಷಯಗಳಲ್ಲಿ ತೇರ್ಗಡೆ, ಗಣಿತದಲ್ಲಿ ಅನುತ್ತೀರ್ಣ. ಸಿಇಟಿಯಲ್ಲಿ ಗಣಿತಕ್ಕೇ ಹೆಚ್ಚು ಅಂಕ ಪಡೆದಿದ್ದ ಮಗುವಿಗೆ ಹೀಗೇಕಾಯಿತೆಂದು ಪಾಲಕರು ನಮ್ಮನ್ನು ಕೇಳುತ್ತಾರೆ. ಮಗು ಪಟ್ಟಣದ ಗಾಳಿಗೆ ಕೆಟ್ಟಿತೆಂದು ಕೆಲವರು ತಾವೇ ತೀರ್ಮಾನಿಸಿಯೂ ಬಿಟ್ಟಿರುತ್ತಾರೆ. ಆ ತೀರ್ಮಾನವನ್ನು ನಾವು ಒಪ್ಪುವುದಿಲ್ಲ.

ಮೊದಲು ಒಂದು ಸರಳ ಲೆಕ್ಕ. ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು. ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಿದರಾಯಿತು. ತಪ್ಪಿದರೂ ಅಂಕ ಕಳೆಯುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸೆಮಿಸ್ಟರ್ ಪರೀಕ್ಷೆಯಲ್ಲಾದರೋ ಮೂರು ಗಂಟೆಗಳಲ್ಲಿ ಐದು ಪೂರ್ಣ ಪ್ರಶ್ನೆಗಳನ್ನು ಬಿಡಿಸಬೇಕು. ಒಂದೊಂದಕ್ಕೆ 36 ನಿಮಿಷ. ಅಲ್ಲಿ ಆರಿಸಿಕೊಳ್ಳಲು ಉತ್ತರಗಳಿಲ್ಲ. ಎರಡು ಪುಟ ನಡೆದು ಮೂರನೆಯ ಪುಟದಲ್ಲಿ ಋಣಚಿಹ್ನೆಯೊಂದು ಬಿಟ್ಟುಹೋದರೆ ಮುಂದಿನದೆಲ್ಲ ವಕ್ರ. ಎರಡು ವರ್ಷ ಕೋಚಿಂಗ್ ಕೇಂದ್ರದಲ್ಲಿ ಅಡ್ಡದಾರಿಯ ಸೂತ್ರಗಳನ್ನು ಕಲಿತ ಹುಡುಗ ಉದ್ದದಾರಿಯನ್ನು ನಡೆದೇ ಇಲ್ಲ. ಓಟದ ಸ್ಪರ್ಧೆಯಲ್ಲಿ ಗೆದ್ದವನನ್ನು ಶ್ರೀಶೈಲದ ಪಾದಯಾತ್ರೆಗೆ ಹೊರಡಿಸಿದಂತಾಯಿತು. ಕಾಲುಗಳು ಅವೇ, ಅಭ್ಯಾಸ ಬೇರೆ.

ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವ ಮಕ್ಕಳ ಪಾಡು ಇನ್ನೂ ಕಠಿಣ. ಕೈಕೆಲಸದಲ್ಲಿ ಅವರು ಉಳಿದವರಿಗಿಂತ ಮುಂದು. ಆದರೆ ಸಹಪಾಠಿಗಳು ಪಿಯುಸಿಯಲ್ಲಿ ಎರಡು ವರ್ಷ, ಎಂಜಿನಿಯರಿಂಗಿನಲ್ಲಿ ಒಂದು ವರ್ಷ ಕಲಿತ ಕಲನಶಾಸ್ತ್ರವನ್ನು ಇವರು ಓಡುತ್ತಲೇ ಕೂಡಿಸಿಕೊಳ್ಳಬೇಕು.

ಇಷ್ಟಕ್ಕೂ ಈ ಗಣಿತವೇಕೆ ಬೇಕು, ಕಟ್ಟಡ ಕಟ್ಟುವವನಿಗೆ, ಯಂತ್ರ ನಡೆಸುವವನಿಗೆ ಇದರ ಗೊಡವೆಯೇನು ಎಂದು ಮಕ್ಕಳೇ ಕೇಳುತ್ತಾರೆ. ತರಗತಿಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ. ಪಠ್ಯ ಮುಗಿಸುವ ಅವಸರ ಅಲ್ಲಿರುತ್ತದೆ. ಆದುದರಿಂದ ಇಲ್ಲಿಯೇ ಒಂದು ಉದಾಹರಣೆಯನ್ನು ಹೇಳುತ್ತೇವೆ.

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದುದನ್ನು ನಮ್ಮ ಹಿರಿಯ ಓದುಗರು ಬಲ್ಲರು. ಮೇಲೆ ಚೈತ್ರದ ಬಿಸಿಲು ಕಾದ ಹೆಂಚಿನಂತಿದ್ದರೂ ಕೆಳಗೆ ಹದವಾದ ತಂಪು. ಏಕೆ? ಹಗಲು ಕಾಯುವುದು, ಇರುಳು ಆರುವುದು ಒಂದು ಅಲೆ. ಬೇಸಿಗೆ-ಚಳಿಗಾಲಗಳದು ಇನ್ನೊಂದು ಅಲೆ. ಎರಡೂ ಮಣ್ಣಿನೊಳಕ್ಕೆ ಇಳಿಯುತ್ತವೆ, ಇಳಿಯುತ್ತ ಕುಗ್ಗುತ್ತವೆ. ದಿನದ ಅಲೆ ಒಂದು ಮೊಳ ಆಳದಲ್ಲಿ ಬಹುಮಟ್ಟಿಗೆ ಅಡಗಿಹೋಗುತ್ತದೆ. ವರ್ಷದ ಅಲೆ ಅದಕ್ಕಿಂತ ಸುಮಾರು 19 ಪಟ್ಟು ಆಳಕ್ಕೆ ಹೋಗುತ್ತದೆ. ಈ 19 ಎಲ್ಲಿಂದ ಬಂದಿತು? 365ರ ವರ್ಗಮೂಲ. ಹೀಗೆ ಇಳಿಯುವಾಗ ಅಲೆ ತಡವೂ ಆಗುತ್ತದೆ. ಕೆಲವು ಮೀಟರುಗಳ ಆಳದಲ್ಲಿ ಬೇಸಿಗೆಯ ಕಾವು ತಿಂಗಳುಗಟ್ಟಲೆ ವಿಳಂಬವಾಗಿ ತಲುಪುತ್ತದೆ.

ಈ ಲೆಕ್ಕವನ್ನು ಜಗತ್ತಿಗೆ ಕೊಟ್ಟವನು ಫ್ರಾನ್ಸಿನ ಜೋಸೆಫ್ ಫೂರಿಯೇ. 1768ರಲ್ಲಿ ಓಸೇರ್ ಎಂಬ ಊರಿನ ದರ್ಜಿಯೊಬ್ಬನ ಮನೆಯಲ್ಲಿ ಹುಟ್ಟಿ, ಹತ್ತು ವರ್ಷ ತುಂಬುವ ಹೊತ್ತಿಗೆ ತಾಯಿ-ತಂದೆಗಳಿಬ್ಬರನ್ನೂ ಕಳೆದುಕೊಂಡವನು. ಸನ್ಯಾಸಿಗಳು ನಡೆಸುತ್ತಿದ್ದ ಶಾಲೆಯಲ್ಲಿ ಓದಿದವನು. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಬೆಳೆದವರಿಗೆ ಈ ಕಥೆ ಅಪರಿಚಿತವೆನಿಸದು. ಎಂತಹ ಏರಿಳಿತವನ್ನಾದರೂ ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂದು 1807ರಲ್ಲಿ ಅವನು ಪ್ಯಾರಿಸ್ಸಿನ ವಿದ್ವತ್ಸಭೆಯ ಮುಂದಿಟ್ಟಾಗ ಲಗ್ರಾಂಜನಂತಹ ಮಹಾಗಣಿತಜ್ಞನೇ ಒಪ್ಪಲಿಲ್ಲ. ಅವನ ಗ್ರಂಥ ಹೊರಬಂದುದು 1822ರಲ್ಲಿ. ಇಂದು ಆಸ್ಪತ್ರೆಯ ಎಂ.ಆರ್.ಐ. ಯಂತ್ರವು ದೇಹದೊಳಗಿನ ಚಿತ್ರವನ್ನು ಕಟ್ಟುವುದು ಆ ಗಣಿತದಿಂದಲೇ.

ಇದೇ ಅಧ್ಯಾಯದಲ್ಲಿ ಪರೀಕ್ಷೆಗೆ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದುಂಟು. ಚೌಕಾಕಾರದ ಅಲೆಯೊಂದರ ಫೂರಿಯೇ ಸರಣಿಯನ್ನು ಬರೆದು, 1ರಿಂದ ಮೂರನೇ ಒಂದನ್ನು ಕಳೆದು, ಐದನೇ ಒಂದನ್ನು ಕೂಡಿ, ಏಳನೇ ಒಂದನ್ನು ಕಳೆದು, ಹೀಗೆ ಅನಂತವಾಗಿ ಸಾಗಿದರೆ ಪೈಯ ನಾಲ್ಕನೇ ಒಂದು ಭಾಗ ದೊರೆಯುವುದೆಂದು ತೋರಿಸಬೇಕು. ಸಾವಿರಾರು ಮಕ್ಕಳು ಇದನ್ನು ಬರೆದು ಅಂಕ ಪಡೆದು ಮರೆಯುತ್ತಾರೆ. ಯೂರೋಪಿನಲ್ಲಿ ಲೈಬ್ನಿಟ್ಸ್ ಈ ಸರಣಿಯನ್ನು ಕಂಡುದು 1670ರ ದಶಕದಲ್ಲಿ. ಅದಕ್ಕೂ ಎಷ್ಟೋ ಮೊದಲು, 14ನೆಯ ಶತಮಾನದಲ್ಲಿ ಹುಟ್ಟಿದ ಕೇರಳದ ಸಂಗಮಗ್ರಾಮದ ಮಾಧವನ ಪರಂಪರೆಗೆ ಇದು ತಿಳಿದಿತ್ತು. ಆ ಪರಂಪರೆಯ ಜ್ಯೇಷ್ಠದೇವ ಸುಮಾರು 1530ರ ಹೊತ್ತಿಗೆ ‘ಯುಕ್ತಿಭಾಷಾ’ ಗ್ರಂಥದಲ್ಲಿ ಇದರ ಉಪಪತ್ತಿಯನ್ನು ಬರೆದನು; ಬರೆದುದು ಸಂಸ್ಕೃತದಲ್ಲಲ್ಲ, ಮಲಯಾಳದಲ್ಲಿ. 12ನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದನು. ಅದೇ ಶತಮಾನದಲ್ಲಿ ನಮ್ಮ ಶರಣರು ಅನುಭಾವವನ್ನು ಆಡುನುಡಿಯಲ್ಲಿ ಹೇಳಿದರೆಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ.

ಭಾಷೆಯ ಮಾತು ಬಂದುದರಿಂದ ಒಂದು ಸಂಗತಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಗಣಿತ ಕಠಿಣವಾಗಿರುವುದಿಲ್ಲ, ಪ್ರಶ್ನೆಯ ಇಂಗ್ಲಿಷು ಕಠಿಣವಾಗಿರುತ್ತದೆ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಕೆಲವು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅವಕಾಶ ನೀಡಿತು. ಒಳ್ಳೆಯದೇ. ಆದರೆ ಅಪ್ಪಣೆಯಿಂದ ಪುಸ್ತಕ ಹುಟ್ಟುವುದಿಲ್ಲ. ಅಲ್ಲಿಯವರೆಗೆ ಮಗುವು ಪ್ರಶ್ನೆಯನ್ನು ತನ್ನ ಮಾತಿನಲ್ಲಿ, ಕನ್ನಡದಲ್ಲಿ, ಪಕ್ಕದವನಿಗೆ ಒಮ್ಮೆ ಹೇಳಿ ಬಳಿಕ ಬಿಡಿಸಲಿ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಓದುವ ಕ್ರಮವನ್ನು ಕುರಿತು ಹೆಚ್ಚು ಹೇಳಲಾರೆವು. ಗಣಿತವು ಕಣ್ಣಿನಿಂದ ಓದುವ ವಿಷಯವಲ್ಲ, ಕೈಯಿಂದ ಮಾಡುವ ಕಾಯಕ. ಹತ್ತು ಪ್ರಶ್ನೆಪತ್ರಿಕೆಗಳ ಉತ್ತರವನ್ನು ಬಾಯಿಪಾಠ ಮಾಡಿದವನು ಒಂದು ಸೆಮಿಸ್ಟರನ್ನು ದಾಟಿಯಾನು. ಮುಂದೆ ಕಂಟ್ರೋಲ್ ಸಿಸ್ಟಮ್ಸ್ ಓದುವಾಗ ಅದೇ ಲಾಪ್ಲಾಸ್ ಬಾಗಿಲಲ್ಲಿ ನಿಂತಿರುತ್ತಾನೆ. ನಾವು ಕಂಡಂತೆ ಲಾಪ್ಲಾಸ್ ಅಧ್ಯಾಯದಲ್ಲಿ ಎಡವುವ ಮಕ್ಕಳು ನಿಜವಾಗಿ ಎಡವುವುದು ಲಾಪ್ಲಾಸಿನಲ್ಲಿ ಅಲ್ಲ; ಪಿಯುಸಿಯಲ್ಲಿ ಅರೆಬರೆ ಕಲಿತ ಆಂಶಿಕ ಭಿನ್ನರಾಶಿಗಳಲ್ಲಿ. ಫೂರಿಯೇ ಸರಣಿಯಲ್ಲಿ ಎಡವುವುದು ಭಾಗಶಃ ಅನುಕಲನದಲ್ಲಿ, ತ್ರಿಕೋನಮಿತಿಯ ಸೂತ್ರಗಳಲ್ಲಿ. ಈ ಮೂರನ್ನು ರಜೆಯ ಹದಿನೈದು ದಿನಗಳಲ್ಲಿ ಮತ್ತೆ ತಿದ್ದಿಕೊಂಡರೆ ಅರ್ಧ ಭಯ ಕಳೆಯುತ್ತದೆ. ಪುಸ್ತಕಕ್ಕೆ ಗ್ರೆವಾಲರದು ನಮ್ಮ ಮಕ್ಕಳಿಗೆ ಸಾಕು. ಏಕೆ, ಹೇಗೆ ಎಂದು ತಿಳಿಯುವ ಹಂಬಲವುಳ್ಳವರು 1962ರಲ್ಲಿ ಮೊದಲು ಪ್ರಕಟವಾದ ಕ್ರೈಝಿಗ್‌ರ ಗ್ರಂಥವನ್ನು ಗ್ರಂಥಾಲಯದಿಂದ ತಂದು ನೋಡಲಿ.

ಇನ್ನು ಪಾಲಕರಿಗೆ ಕಟುವಾದ ಒಂದು ಮಾತು. ಮಗ ಗಣಿತದಲ್ಲಿ ನಪಾಸಾದರೆ ಮತ್ತೆ ಪರೀಕ್ಷೆ ಕಟ್ಟಿಸುತ್ತೇವೆ. ಮಗಳು ನಪಾಸಾದರೆ ‘ಓದಿದ್ದು ಸಾಕು’ ಎಂದು ಜಾತಕ ಹೊರತೆಗೆಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದೇ ಪ್ರಶ್ನೆಪತ್ರಿಕೆ, ಅದೇ ಅಂಕ. ನ್ಯಾಯ ಮಾತ್ರ ಎರಡು. ಸ್ತ್ರೀಯರಿಗೂ ಸಮನಾದ ಸ್ಥಾನವಿತ್ತ ಅನುಭವ ಮಂಟಪದ ಹೆಸರನ್ನು ವೇದಿಕೆಗಳಲ್ಲಿ ಹೇಳುವವರು ಮನೆಯಲ್ಲಿ ಹೀಗೆ ನಡೆದುಕೊಳ್ಳುವುದು ತರವೇ? ಹೊಲವನ್ನು ಅಡವಿಟ್ಟು ಓದಿಸುತ್ತಿದ್ದೇವೆಂದು ಫೋನಿನಲ್ಲಿ ಪ್ರತಿವಾರ ನೆನಪಿಸುವುದೂ ಬೇಡ. ಅದು ಮಕ್ಕಳಿಗೆ ಗೊತ್ತಿದೆ. ಗೊತ್ತಿರುವುದರಿಂದಲೇ ಅವರು ನಪಾಸಾದುದನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಒಂದು ವಿಷಯ ಮುಂದಿನ ಸೆಮಿಸ್ಟರಿಗೆ ಎರಡಾಗಿ, ಮೂರಾಗಿ, ಕೊನೆಗೆ ವರ್ಷವೇ ಹೋಗುತ್ತದೆ. ಹಬ್ಬಕ್ಕೆ ಊರಿಗೆ ಬರುವುದನ್ನು ಬಿಟ್ಟ ಮಗುವಿನ ಮನಸ್ಸಿನಲ್ಲಿ ಏನಿದೆಯೆಂದು ತಾಯಂದಿರು ಮೊದಲು ಹೋಗಿ ನೋಡಬೇಕು. ಅಂಕಪಟ್ಟಿಯನ್ನು ಆಮೇಲೆ ನೋಡಿದರಾಯಿತು.

ಸಮಾಜವೂ ಮಾಡಬಹುದಾದುದುಂಟು. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನೇ ವಿದ್ಯಾಭ್ಯಾಸಕ್ಕೆ ಬಿಟ್ಟುಹೋದರು. 1947ರಲ್ಲಿ ಹುಬ್ಬಳ್ಳಿಯಲ್ಲಿ, 1963ರಲ್ಲಿ ಬಾಗಲಕೋಟೆ ಹಾಗೂ ತುಮಕೂರುಗಳಲ್ಲಿ ನಮ್ಮ ಸಂಸ್ಥೆಗಳು ಎಂಜಿನಿಯರಿಂಗ್ ಕಾಲೇಜುಗಳನ್ನು ತೆರೆದವು. ಕಟ್ಟಡಗಳಾದವು, ಪ್ರಸಾದವೂ ನಡೆದಿದೆ. ಆ ಕಾಲೇಜುಗಳಲ್ಲಿ ಓದಿ ನಿವೃತ್ತರಾದ ಎಂಜಿನಿಯರುಗಳು, ಗಣಿತದ ಉಪನ್ಯಾಸಕರು ಊರೂರಲ್ಲಿ ಇದ್ದಾರೆ. ಭಾನುವಾರ ಬೆಳಗ್ಗೆ ಪೂಜೆ ಮುಗಿಸಿ ಹತ್ತಿರದ ವಿದ್ಯಾರ್ಥಿನಿಲಯಕ್ಕೆ ಹೋಗಿ ಎರಡು ಗಂಟೆ ಬಳಪ ಹಿಡಿದು ನಿಲ್ಲಲು ಅವರಿಗೆ ಹಣವೂ ಬೇಡ, ಅನುಮತಿಯೂ ಬೇಡ. ನಿಲಯದ ಮೇಲ್ವಿಚಾರಕರು ಒಂದು ಕರಿಹಲಗೆಯನ್ನೂ ಗ್ರೆವಾಲರ ನಾಲ್ಕು ಪ್ರತಿಗಳನ್ನೂ ಒದಗಿಸಿದರೆ ಸಾಕು. ಮೊದಲ ಭಾನುವಾರ ಆಂಶಿಕ ಭಿನ್ನರಾಶಿಗಳಿಂದಲೇ ತೊಡಗಲಿ.