ತೋಳ ಎಳೆದ ಕಲ್ಲಿನ ಬಂಡಿ

ಮೊನ್ನೆ ಭಾನುವಾರ ಮಧ್ಯಾಹ್ನ ಯೂರೋಪಿನ ದೇವಾಲಯಗಳ ಚಿತ್ರಗಳುಳ್ಳ ದಪ್ಪ ಪುಸ್ತಕವೊಂದನ್ನು ತಿರುವಿಹಾಕುತ್ತ ಕುಳಿತಿದ್ದೆ. ಕಾಫಿ ತಂದಿಟ್ಟ ನನ್ನ ಮಡದಿ ಹಿಂದಿನಿಂದ ಬಗ್ಗಿ ನೋಡಿ, “ಇದನ್ನು ಕಟ್ಟಿಸಿದ ಅರಸು ಯಾರು?” ಎಂದು ಕೇಳಿದಳು. “ಅರಸು ಯಾರೂ ಅಲ್ಲ, ಹಳ್ಳಿಯ ಒಕ್ಕಲಿಗರು, ಬಟ್ಟೆ ಮಾರುವವರು” ಎಂದೆ. ಅವಳು ನಂಬಲಿಲ್ಲ. “ಹಳ್ಳಿಯವರಿಗೆ ಇಷ್ಟು ಹಣ ಎಲ್ಲಿಂದ ಬಂದೀತು?” ಎಂಬ ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದುದರ ಫಲವೇ ಈ ವಾರದ ಬರಹ.

ಫ್ರಾನ್ಸ್ ದೇಶದ ಭೂಪಟದಲ್ಲಿ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದೊಳಗೆ ಮೂತಿ ಚಾಚಿದಂತೆ ಕಾಣುವ ನಾಡೇ ಬ್ರಿಟನಿ. ಅದರ ತುತ್ತತುದಿಯ ಜಿಲ್ಲೆಗೆ ಫಿನಿಸ್ಟೇರ್, ಎಂದರೆ ‘ಭೂಮಿಯ ಕೊನೆ’ ಎಂದು ಹೆಸರು. ಐದು, ಆರನೆಯ ಶತಮಾನಗಳಲ್ಲಿ ಬ್ರಿಟನ್ ದ್ವೀಪದಿಂದ ಕಡಲು ದಾಟಿ ಬಂದವರು ತಮ್ಮ ಭಾಷೆಯನ್ನೂ ತಮ್ಮ ಸಂತರನ್ನೂ ಇಲ್ಲಿಗೆ ತಂದರು. ಇಲ್ಲಿನ ಬ್ರೆಟನ್ ಭಾಷೆ ಫ್ರೆಂಚಿನ ಬಳಗಕ್ಕೆ ಸೇರಿದುದಲ್ಲ. ವೇಲ್ಸ್ ನಾಡಿನ ಭಾಷೆಯ ಒಡಹುಟ್ಟು. ಹಾಗೆ ಬಂದ ಸಂತರಲ್ಲೊಬ್ಬನ ಹೆಸರನ್ನು ಹೊತ್ತು ನಿಂತಿರುವ ಹಳ್ಳಿ ಸ್ಯಾನ್-ತೆಗೊನೆಕ್. ಮೊರ್ಲೆ ಎಂಬ ರೇವುಪಟ್ಟಣಕ್ಕೆ ಸಮೀಪದಲ್ಲಿದೆ.

ಸಂತನ ಕಥೆ ಸೊಗಸಾಗಿದೆ. ತೆಗೊನೆಕ್ ದೇವಾಲಯ ಕಟ್ಟಲು ಬಂಡಿಯಲ್ಲಿ ಕಲ್ಲು ಹೇರಿಸುತ್ತಿದ್ದನಂತೆ. ಒಂದು ರಾತ್ರಿ ತೋಳ ಬಂದು ಬಂಡಿಯ ಎತ್ತನ್ನು ತಿಂದುಹಾಕಿತು. ಸಂತನು ತೋಳವನ್ನು ಕೊಲ್ಲಲಿಲ್ಲ, ಶಪಿಸಲೂ ಇಲ್ಲ. ‘ಎತ್ತನ್ನು ತಿಂದ ಮೇಲೆ ಎತ್ತಿನ ಕೆಲಸವೂ ನಿನ್ನದೇ’ ಎಂಬಂತೆ ಅದರ ಹೆಗಲಿಗೆ ನೊಗವೇರಿಸಿದನು. ಉಳಿದ ಕಲ್ಲನ್ನೆಲ್ಲ ತೋಳವೇ ಎಳೆಯಿತು! ಎತ್ತಲ್ಲ, ಸಾರಂಗ ಎನ್ನುವವರೂ ಉಂಟು. ಅದೇನೇ ಇರಲಿ, ದಂಡನೆಯೂ ದುಡಿಮೆಯೂ ಒಂದೇ ಆದ ಇಂಥ ತೀರ್ಪನ್ನು ಕೊಟ್ಟ ನ್ಯಾಯಾಧೀಶರು ವಿರಳ.

ಇನ್ನು ಹಣದ ಮಾತು. ಆ ಸೀಮೆಯ ಸಂಪತ್ತು ಬೆಳೆದದ್ದು ಅಗಸೆಯ ಗಿಡದಿಂದ. ಅದರ ಬೀಜ ದೂರದ ಬಾಲ್ಟಿಕ್ ತೀರದಿಂದ ಹಡಗಿನಲ್ಲಿ ರೊಸ್ಕೊಫ್ ಬಂದರಿಗೆ ಬರುತ್ತಿತ್ತು. ಕಾಂಡದಿಂದ ತೆಗೆದ ನಾರನ್ನು ಹೆಂಗಸರು ನೂಲುತ್ತಿದ್ದರು. ತೊರೆಯ ದಡದಲ್ಲಿ ‘ಕಂದಿ’ ಎಂಬ ಪುಟ್ಟ ಕಲ್ಲುಮನೆಗಳನ್ನು ಕಟ್ಟಿ, ಅಲ್ಲಿ ಬೂದಿನೀರಿನಲ್ಲಿ ಆ ನೂಲನ್ನು ಮತ್ತೆ ಮತ್ತೆ ತೊಳೆದು ಬೆಳ್ಳಗೆ ಮಾಡುತ್ತಿದ್ದರು. ಈ ನೂಲಿನಿಂದ ನೇಯ್ದ ‘ಕ್ರೇ’ ಎಂಬ ನಯವಾದ ಬಟ್ಟೆ ಮೊರ್ಲೆಯ ರೇವಿನಿಂದ ಇಂಗ್ಲೆಂಡಿಗೆ ಸಾಗುತ್ತಿತ್ತು. ಈ ವ್ಯಾಪಾರದಲ್ಲಿ ಕೈಯಾಡಿಸಿ ಸಿರಿವಂತರಾದ ರೈತ ವರ್ತಕರನ್ನು ಜನ ‘ಜುಲೊದ್’ ಎಂದು ಕರೆದರು. ಅವರು ಅರಮನೆಗಳನ್ನು ಕಟ್ಟಿಕೊಳ್ಳಲಿಲ್ಲ. ಗದ್ದೆ ಹೊಲಗಳ ನಡುವಣ ಕಲ್ಲಿನ ಮನೆಗಳಲ್ಲಿಯೇ ಉಳಿದು, ಹಣದ ಬಹುಭಾಗವನ್ನು ಊರ ದೇವಾಲಯಕ್ಕೆ ಸುರಿದರು. ಭಕ್ತಿಯಿಂದಲೇ ಎಂದು ನಾವು ಹೇಳಬಹುದು. ಆದರೆ ನೆರೆಯ ಗಿಮಿಲಿಯೊ ಹಳ್ಳಿಯವರಿಗಿಂತ ತಾವು ಕಡಿಮೆಯಾಗಬಾರದೆಂಬ ಹಟವೂ ಅದರಲ್ಲಿ ಸೇರಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಭಕ್ತಿಗೆ ಸ್ಪರ್ಧೆ ಗೊಬ್ಬರವಾದದ್ದು ಅಲ್ಲಿ ಮಾತ್ರವೇ ಅಲ್ಲವಷ್ಟೆ!

ಹೀಗೆ ಹುಟ್ಟಿದ್ದು ಬರಿಯ ಚರ್ಚಲ್ಲ, ಒಂದು ಆವರಣ. ಸುತ್ತ ಕಲ್ಲಿನ ಗೋಡೆ, ಒಳಹೋಗಲು ಹೆಬ್ಬಾಗಿಲು, ಒಳಗೆ ಶಿಲುಬೆಯ ಶಿಲ್ಪ, ಅಸ್ಥಿಮಂದಿರ, ದೇವಾಲಯ. ಸ್ಯಾನ್-ತೆಗೊನೆಕ್‌ನ ಹೆಬ್ಬಾಗಿಲನ್ನು 1587ರಿಂದ 1589ರವರೆಗೆ ಕಟ್ಟಿದರು. ಭಾರವಾದ ಕಂಬಗಳ ನೆತ್ತಿಯ ಮೇಲೆ ಗುಮ್ಮಟವುಳ್ಳ ಪುಟ್ಟ ದೀಪಗೂಡುಗಳಂಥ ಶಿಖರಗಳು. ರೋಮಿನ ಚಕ್ರವರ್ತಿಗಳು ಯುದ್ಧದಲ್ಲಿ ಗೆದ್ದು ಬಂದಾಗ ಕಟ್ಟಿಸುತ್ತಿದ್ದ ವಿಜಯದ್ವಾರದ ಹೆಸರನ್ನೇ ಇಂಥ ಬಾಗಿಲುಗಳಿಗೂ ಇಟ್ಟಿದ್ದಾರೆ. ಈ ಬಾಗಿಲಲ್ಲಿ ಹಾದುಹೋದವರಾದರೋ ಮದುಮಕ್ಕಳು, ಶವವನ್ನು ಹೊತ್ತವರು. ಸಾವಿನ ಮೇಲಣ ಜಯವೇ ಅವರು ಬಯಸಿದ ಜಯ.

ಬಾಗಿಲು ದಾಟಿದರೆ 1610ರ ಕ್ಯಾಲ್ವರಿ. ಯೇಸುವನ್ನು ಶಿಲುಬೆಗೇರಿಸಿದ ಗುಡ್ಡದ ಹೆಸರೇ ಈ ಬಗೆಯ ಶಿಲ್ಪಗಳಿಗೆ ಬಂದಿದೆ. ಬ್ರಿಟನಿಯ ಮಹಾ ಕ್ಯಾಲ್ವರಿಗಳಲ್ಲಿ ಇದೇ ಕೊನೆಯದು. ಗಿಮಿಲಿಯೊದಲ್ಲಿ 1581ರಿಂದ 1588ರವರೆಗೆ ಕಡೆದ ಕ್ಯಾಲ್ವರಿಯ ಮೇಲೆ ಸುಮಾರು 200 ವಿಗ್ರಹಗಳು ಕಿಕ್ಕಿರಿದಿವೆ. ಅಲ್ಲಿನ ರೋಮನ್ ಸೈನಿಕರು ತೊಟ್ಟಿರುವುದು ಹದಿನಾರನೆಯ ಶತಮಾನದ ಉಡುಪು! ಶಿಲ್ಪಿಗೆ ಇತಿಹಾಸ ತಿಳಿಯದೆಂದು ನಾವು ನಗಬೇಕಾಗಿಲ್ಲ. ಓದುಬರಹವಿಲ್ಲದ ನೋಡುಗನಿಗೆ ಆ ಕ್ರೌರ್ಯ ತನ್ನ ಬೀದಿಯಲ್ಲಿ ತನ್ನ ಕಣ್ಣೆದುರೇ ನಡೆದಂತಾಯಿತು. ಅದಕ್ಕೆ ಹೋಲಿಸಿದರೆ ಸ್ಯಾನ್-ತೆಗೊನೆಕ್‌ನ ಕ್ಯಾಲ್ವರಿಯಲ್ಲಿ ಜನ ಕಡಿಮೆ, ಮಾತೂ ಕಡಿಮೆ. ನನಗೆ ಇದೇ ಹೆಚ್ಚು ಮೆಚ್ಚು. ಈ ನಾಡಿನ ಶಿಲ್ಪಿಗಳಿಗೆ ಕೆರ್ಸಾಂಟನ್ ಎಂಬ ಕಪ್ಪು ಬಣ್ಣದ ಕಲ್ಲು ಅಚ್ಚುಮೆಚ್ಚು. ಬ್ರೆಸ್ಟ್ ಕೊಲ್ಲಿಯ ಆಸುಪಾಸಿನ ಗಣಿಗಳಿಂದ ತೆಗೆದಾಗ ಉಳಿಗೆ ಸುಲಭವಾಗಿ ಒಲಿಯುವ ಈ ಕಲ್ಲು, ಗಾಳಿಮಳೆಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಆದುದರಿಂದಲೇ ನಾಲ್ಕು ನೂರು ವರ್ಷಗಳ ಕಡಲಗಾಳಿ ಬೀಸಿಯೂ ಅವರು ಬಿಡಿಸಿದ ಮುಖಗಳಲ್ಲಿ ಅಳು ಇನ್ನೂ ಅಳಿಸಿಲ್ಲ. ಕ್ಯಾಲ್ವರಿಯ ಬುಡದಲ್ಲೊಂದು ಪುಟ್ಟ ಗೂಡು. ಅದರೊಳಗೆ ಸಂತ ತೆಗೊನೆಕ್, ಅವನ ಬಳಿ ಬಂಡಿಗೆ ಹೂಡಿದ ತೋಳ.

ಪಕ್ಕದಲ್ಲಿರುವುದು 1676ರಿಂದ 1682ರವರೆಗೆ ಕಟ್ಟಿದ ಅಸ್ಥಿಮಂದಿರ. ದೇವಾಲಯದ ಅಂಗಳದಲ್ಲಿಯೇ ಸಮಾಧಿಯಾಗಬೇಕೆಂಬುದು ಎಲ್ಲರ ಆಸೆ, ಜಾಗವೋ ಅಂಗೈಯಗಲ. ಆದುದರಿಂದ ಹೊಸಬರಿಗೆ ಎಡೆ ಮಾಡಿಕೊಡಲು ಹಳಬರ ಮೂಳೆಗಳನ್ನು ಅಗೆದು ತೆಗೆದು ಇಂಥ ಮಂದಿರಗಳಲ್ಲಿ ಇಡುತ್ತಿದ್ದರು. ಅಜ್ಜ ಮುತ್ತಜ್ಜರ ಅಸ್ಥಿಯ ಪಕ್ಕದಲ್ಲೇ ಹಾದು ಭಾನುವಾರದ ಪೂಜೆಗೆ ಹೋಗುವ ಜನಕ್ಕೆ ಸತ್ತವರು ದೂರದವರಲ್ಲ. ಬ್ರೆಟನ್ ಜನಪದದಲ್ಲಿ ಸಾವಿಗೆ ‘ಅಂಕು’ ಎಂದು ಹೆಸರು. ಅವನದೂ ಒಂದು ಬಂಡಿ. ರಾತ್ರಿ ಅದರ ಗಾಲಿಯ ಕಿರುಗುಟ್ಟುವಿಕೆ ಕೇಳಿದರೆ ಯಾರಿಗೋ ಕರೆ ಬಂದಿತೆಂದು ನಂಬಿಕೆ. ಈ ಮಂದಿರದ ನೆಲಮಾಳಿಗೆಯಲ್ಲಿ ಮೊರ್ಲೆಯ ಶಿಲ್ಪಿ ಝಾಕ್ ಲೆಸ್ಪಾನ್ಯೋಲ್ 1699ರಿಂದ 1702ರವರೆಗೆ ಓಕ್ ಮರದಲ್ಲಿ ಕೆತ್ತಿ ಬಣ್ಣ ತುಂಬಿದ ಶಿಲ್ಪಸಮೂಹವಿದೆ: ಯೇಸುವಿನ ಶವವನ್ನು ಸಮಾಧಿಗೆ ಇಳಿಸುತ್ತಿರುವ ಹೊತ್ತು. ದುಃಖಿತರ ಆಳು ಪ್ರಮಾಣದ ಆ ಮೂರ್ತಿಗಳ ಚಿತ್ರವಿದ್ದ ಪುಟವನ್ನು ನಾವಿಬ್ಬರೂ ಬಹಳ ಹೊತ್ತು ತಿರುವಲಿಲ್ಲ.

ದೇವಾಲಯದ ಒಳಗಿನ ಬಂಗಾರದ ಬಣ್ಣದ ಬಲಿಪೀಠಗಳ ವೈಭವವನ್ನು ಇಲ್ಲಿ ಬಣ್ಣಿಸಹೊರಟರೆ ಪುಟ ಸಾಲದು. 1683ರ ಉಪದೇಶಪೀಠವೊಂದನ್ನು ಹೇಳಿ ಮುಂದುವರಿಯುತ್ತೇನೆ. ಗುರುಗಳು ನಿಂತು ಮಾತನಾಡುವ ಆ ಮರದ ಕಟ್ಟೆಯ ಮೂಲೆಗಳಲ್ಲಿ ವಿವೇಕ, ನ್ಯಾಯ, ಧೈರ್ಯ, ಸಂಯಮ ಎಂಬ ನಾಲ್ಕು ಗುಣಗಳು ಸ್ತ್ರೀರೂಪದಲ್ಲಿ ಕುಳಿತಿವೆ. ಉಪದೇಶ ನೀರಸವಾದ ದಿನಗಳಲ್ಲಿ ಊರವರಿಗೆ ನೋಡಲು ಇಷ್ಟಾದರೂ ಇತ್ತು.

ಈ ಐಸಿರಿ ಹೆಚ್ಚು ಕಾಲ ಉಳಿಯಲಿಲ್ಲ. ಲೂಯಿ ದೊರೆಯ ಮಂತ್ರಿ ಕೊಲ್ಬೇರ್ ವಿದೇಶೀ ಸರಕಿನ ಮೇಲೆ ಸುಂಕವೇರಿಸಿದ. ಇಂಗ್ಲೆಂಡೂ ಫ್ರೆಂಚ್ ಸರಕಿಗೆ ಬಾಗಿಲು ಹಾಕಿತು. ಮುಂದೆ ಎರಡು ದೇಶಗಳಿಗೂ ಯುದ್ಧವೇ ಹತ್ತಿತು. ಮೊರ್ಲೆಯ ರೇವಿನಲ್ಲಿ ಬಟ್ಟೆಯ ವ್ಯಾಪಾರ ಸೊರಗಿತು. ಲೆಸ್ಪಾನ್ಯೋಲನ ಉಳಿ ಆಡುತ್ತಿದ್ದ ಕಾಲಕ್ಕೆ ಆ ಹಳ್ಳಿಗಳ ಸುಗ್ಗಿ ಮುಗಿಯುತ್ತ ಬಂದಿತ್ತೆಂಬುದನ್ನು ನೆನೆದಾಗ ಆ ಮೂರ್ತಿಗಳ ದುಃಖಕ್ಕೆ ಇನ್ನೊಂದು ಅರ್ಥ ಹೊಳೆಯುತ್ತದೆ.

1998ರ ಜೂನ್ 8ರಂದು ಸ್ಯಾನ್-ತೆಗೊನೆಕ್ ದೇವಾಲಯಕ್ಕೆ ಬೆಂಕಿ ಬಿತ್ತು. ಛಾವಣಿ ಕುಸಿಯಿತು, ಉತ್ತರದ ಕಡೆಯ ಬಲಿಪೀಠಗಳು ಬಹುವಾಗಿ ಬೆಂದವು. ನೇಕಾರರ ಎರಡು ಶತಮಾನಗಳ ದುಡಿಮೆಗೆ ಒಂದೇ ದಿನದಲ್ಲಿ ಮಸಿ ಬಳಿದಂತಾಯಿತು. ಮುಂದೆ ವರ್ಷಗಟ್ಟಲೆ ಬಡಗಿಗಳು, ಶಿಲ್ಪಿಗಳು, ಬಣ್ಣಗಾರರು ಅಲ್ಲಿ ದುಡಿದು ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು.

ಇದನ್ನು ಕೇಳಿದ ನನ್ನಾಕೆ, “ಸುಟ್ಟದ್ದನ್ನು ಹೊಸದಾಗಿ ಮಾಡಿದ ಮೇಲೆ ಅದು ಹಳೆಯ ದೇವಾಲಯ ಹೇಗಾದೀತು?” ಎಂದಳು. ಈ ಪ್ರಶ್ನೆಗೆ ವಿದ್ವಾಂಸರೂ ತಡವರಿಸುತ್ತಾರೆ. ನಾನು ಅವಳಿಗೆ ಚಿತ್ರದಲ್ಲಿ ಎರಡು ಗೋಪುರಗಳನ್ನು ತೋರಿಸಿದೆ. ಒಂದು 1563ರದು, ಹಳೆಯ ಕಟ್ಟಡದಿಂದ ಉಳಿದುಬಂದದ್ದು. ಇನ್ನೊಂದು 1599ರಿಂದ 1610ರವರೆಗೆ ಕಟ್ಟಿದ್ದು. ಎತ್ತರದಲ್ಲಿ ಅದನ್ನು ಮೀರಿಸಿದ್ದು. ಹೊಸದನ್ನು ಕಟ್ಟಿದವರು ಹಳೆಯದನ್ನು ಕೆಡವಲಿಲ್ಲ. ಮಗ ಅಪ್ಪನಿಗಿಂತ ಎತ್ತರ ಬೆಳೆದು ಪಕ್ಕದಲ್ಲಿ ನಿಂತಂತೆ ಎರಡೂ ನಿಂತಿವೆ.

ಅವಳು ಸ್ವಲ್ಪ ಹೊತ್ತು ನೋಡಿ, “ಆ ತೋಳಕ್ಕೆ ಬೆಂಕಿ ತಗಲಲಿಲ್ಲ ತಾನೆ?” ಎಂದಳು.

ತಗಲಲಿಲ್ಲ. ಅದಿರುವುದು ಹೊರಗೆ, ಕಲ್ಲಿನಲ್ಲಿ. ನೊಗವನ್ನು ಇನ್ನೂ ಇಳಿಸಿಲ್ಲ.