ಪಿಕಪ್ಪಿಗೆ ಜೋಡಿ ಚಕ್ರ: ಹೊರೆ ಹೊರುವುದು ಚಕ್ರವೊಂದೇ ಅಲ್ಲ

ಕಾರ್ತಿಕದಿಂದ ಶಿವರಾತ್ರಿಯವರೆಗೆ ಅಡಿಕೆ ಕೊಯ್ಲೂ ಕಾಫಿ ಕೊಯ್ಲೂ ಒಂದರ ಬೆನ್ನಿಗೆ ಒಂದು ಬೀಳುತ್ತವೆ. ಆಗ ಬೆಳೆಗಾರನಿಗೆ ಸಾಗಾಟದ್ದೇ ದೊಡ್ಡ ಚಿಂತೆ. ಬಾಡಿಗೆ ಲಾರಿ ಬೇಕೆಂದಾಗ ಸಿಗದು. ಸಿಕ್ಕರೂ ತೋಟದ ಕಿರುದಾರಿಯಲ್ಲಿ ತಿರುಗದು. ಮನೆಯ ಪಿಕಪ್ಪಿಗೇ ಹಿಂದೆ ಎರಡರ ಬದಲು ನಾಲ್ಕು ಚಕ್ರ ಹಾಕಿಸಿ ಒಂದೇ ಸಲಕ್ಕೆ ಹೆಚ್ಚು ಮೂಟೆ ಸಾಗಿಸಿದರೇನು ಎಂಬ ಯೋಚನೆ ಏಳುವುದು ಸಹಜ. ಅದರ ಹಿಂದಿನ ಕಷ್ಟವನ್ನು ನಾವು ಬಲ್ಲೆವು. ಆದರೆ ಹಾಗೆ ಮಾಡಿಸುವುದು ತರವಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಕಾರಣಗಳನ್ನು ಸದಸ್ಯ ಬಾಂಧವರ ಮುಂದಿಡುತ್ತೇವೆ.

ಒಂದೂವರೆ ಟನ್ ಹೇರಲು ಕಟ್ಟಿದ ಪಿಕಪ್ಪೊಂದನ್ನು ತೆಗೆದುಕೊಳ್ಳೋಣ. 50 ಕಿಲೋ ಕಾಫಿ ಮೂಟೆಗಳ ಲೆಕ್ಕದಲ್ಲಿ ಅದಕ್ಕೆ 30 ಮೂಟೆ. ಜೋಡಿ ಚಕ್ರದ ಧೈರ್ಯದ ಮೇಲೆ 50 ಮೂಟೆ ಹೇರಿದರೆ ಇನ್ನೊಂದು ಟನ್ ಹೆಚ್ಚಾಯಿತು. ಈ ಟನ್ನನ್ನು ಹೊರುವವರು ಯಾರು? ಮೊದಲು ಛಾಸಿ, ಆಮೇಲೆ ಸ್ಪ್ರಿಂಗ್ ಪಟ್ಟಿಗಳು, ಅಚ್ಚು, ಬೇರಿಂಗು, ಚಕ್ರದ ಬೋಲ್ಟುಗಳು, ಕಟ್ಟಕಡೆಗೆ ಟೈರು. ಸರಪಳಿಯ ಕೊನೆಯ ಕೊಂಡಿಯೊಂದನ್ನು ಇಮ್ಮಡಿ ಮಾಡಿದ ಮಾತ್ರಕ್ಕೆ ಉಳಿದ ಕೊಂಡಿಗಳು ಗಟ್ಟಿಯಾಗುವುದಿಲ್ಲ.

ಟೈರಿನ ಶಕ್ತಿಯೂ ಸರಿಯಾಗಿ ಇಮ್ಮಡಿಯಾಗದು. ಸರಕು ವಾಹನದ ಟೈರಿನ ಪಕ್ಕೆಯಲ್ಲಿ 118/116 ಎಂಬಂಥ ಗುರುತಿರುತ್ತದೆ. ಒಂಟಿಯಾಗಿ ಹಾಕಿದರೆ ಆ ಟೈರು 1,320 ಕಿಲೋ, ಜೋಡಿಯಾಗಿ ಹಾಕಿದರೆ ತಲಾ 1,250 ಕಿಲೋ ಹೊರಬಹುದೆಂದು ಅದರ ಅರ್ಥ. ಒಳಗಿನ ಟೈರಿನಲ್ಲಿ ಗಾಳಿ ಇಳಿದರೆ ಹೊರಗಿನವರಿಗೆ ಬೇಗ ತಿಳಿಯದು; ಆಗ ಹೊರೆಯೆಲ್ಲ ಹೊರಗಿನ ಟೈರಿನ ಮೇಲೆ ಬಿದ್ದು ಅದು ಕಾದು ಸಿಡಿಯಬಹುದು.

ಇದಕ್ಕಿಂತ ದೊಡ್ಡ ಅಪಾಯ ಅಚ್ಚಿನದು. ಕಾರ್ಖಾನೆಯಲ್ಲೇ ಜೋಡಿ ಚಕ್ರದೊಂದಿಗೆ ತಯಾರಾದ ವಾಹನದಲ್ಲಿ ಹೊರೆಯ ಗೆರೆ ಎರಡು ಚಕ್ರಗಳ ನಡುವೆ, ಬೇರಿಂಗಿನ ಸಮೀಪ ಬೀಳುವಂತೆ ರಿಮ್ಮು, ಹಬ್ಬುಗಳನ್ನು ಹೊಂದಿಸಿರುತ್ತಾರೆ. ಗ್ಯಾರೇಜಿನಲ್ಲಿ ನಡುವೆ ಬಿಲ್ಲೆಯಿಟ್ಟು ಹೊರಗೊಂದು ಚಕ್ರ ಬಿಗಿದರೆ ಆ ಗೆರೆ ಹೊರಕ್ಕೆ ಸರಿದು, ಉದ್ದದ ಹಾರೆಯಿಂದ ಮೀಟಿದಂತೆ ಬೇರಿಂಗನ್ನೂ ಅಚ್ಚನ್ನೂ ಮೀಟತೊಡಗುತ್ತದೆ. ಹಗುರ ವಾಹನಗಳಲ್ಲಿ ಹಲವಕ್ಕೆ ಚಕ್ರ ತಿರುಗಿಸುವ ಶಾಫ್ಟೇ ಹೊರೆಯನ್ನೂ ಹೊರುತ್ತದೆ. ಅಂಥ ಶಾಫ್ಟು ಮುರಿದರೆ ಚಕ್ರವೇ ಕಳಚಿ ಹೋಗುವ ಸಂಭವವುಂಟು.

ಇನ್ನು ಬ್ರೇಕು. ಚಕ್ರ ನಾಲ್ಕಾದರೂ ಹಿಂದಿನ ಬ್ರೇಕು ಎರಡೇ. ಒಟ್ಟು ತೂಕ 3.2 ಟನ್ನಿನಿಂದ 4.2 ಟನ್ನಿಗೆ ಏರಿದರೆ, ಅದೇ ಇಳಿಜಾರಿನಲ್ಲಿ ಬ್ರೇಕು ನುಂಗಬೇಕಾದ ಕಾವು ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೆಚ್ಚುತ್ತದೆ. ಚಾರ್ಮಾಡಿ, ಶಿರಾಡಿ ಘಾಟಿಗಳನ್ನು ಇಳಿದು ಮಂಗಳೂರಿನತ್ತ ಸಾಗುವ ನಮ್ಮ ಮಾಲಿಗೆ ಇದು ಪುಸ್ತಕದ ಮಾತಲ್ಲ. ಕಾದ ಬ್ರೇಕು ಹಿಡಿತ ಕಳೆದುಕೊಂಡ ಮೇಲೆ ಚಾಲಕನ ಅನುಭವ ಅಷ್ಟಾಗಿ ಒದಗದು.

ಘಾಟಿಯ ಮಾತು ಬಿಡಿ, ಬಯಲಿನಲ್ಲಾದರೂ ಆಗಬಹುದಲ್ಲ ಎಂದು ಕೇಳುವವರಿರಬಹುದು. ಕಲಬುರಗಿ ಕಡೆಯ ಜೇವರ್ಗಿ ತಾಲ್ಲೂಕಿನ ಕೊಳಕೂರನ್ನು ನೆನೆಯೋಣ. ಅದು ತೊಗರಿಯ ನಾಡು, ಎರೆಭೂಮಿ. ಅಲ್ಲಿ ಇಳಿಜಾರಿನ ಭಯವಿಲ್ಲ ನಿಜ. ಆದರೆ ಮಳೆ ಬಿದ್ದ ಎರೆಮಣ್ಣು ಎರಡು ಚಕ್ರಗಳ ಸಂದಿನಲ್ಲಿ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ನಡುವೆ ಸಿಕ್ಕ ಕಲ್ಲು ಟೈರನ್ನು ಕೊರೆಯುತ್ತದೆ. ಅಚ್ಚು, ಬೇರಿಂಗುಗಳ ಸಂಕಟವಂತೂ ಬಯಲಿಗೂ ಮಲೆಗೂ ಒಂದೇ. ಕೊಳಕೂರಿನ ತೊಗರಿ ರೈತನಿಗೂ ನಮಗೂ ಈ ವಿಷಯದಲ್ಲಿ ಭೇದವಿಲ್ಲ.

ಕಾನೂನೂ ಇದನ್ನು ಒಪ್ಪುವುದಿಲ್ಲ. ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಉಂಟು. ಮಿತಿಮೀರಿದ ಹೊರೆಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವನ್ನು ಕಾಯ್ದೆ ಹೇಳುತ್ತದೆ. ಚಕ್ರ ಕೂಡಿಸಿದರೂ ಪತ್ರದಲ್ಲಿ ಬರೆದ ತೂಕ ಒಂದು ಕಿಲೋವೂ ಏರದೆಂಬುದನ್ನು ಮರೆಯಬಾರದು. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಇದೇ ಸಾಕು.

ಹಾಗಾದರೆ ದಾರಿಯೇನು? ಜೋಡಿ ಚಕ್ರ ಬೇಕಾದವರಿಗೆ ಹಾಗೆಯೇ ತಯಾರಾದ ವಾಹನಗಳಿವೆ. 1986ರಲ್ಲಿ ಬಂದ ಟಾಟಾ 407 ಅಂಥದ್ದು. ಅದರ ಅಚ್ಚು, ಬ್ರೇಕು, ಛಾಸಿಯೆಲ್ಲ ಆರು ಚಕ್ರದ ಹೊರೆಯನ್ನು ಕಂಡೇ ಕಟ್ಟಿದವು. ಸಣ್ಣ ಬೆಳೆಗಾರನೊಬ್ಬನೇ ಅದನ್ನು ಕೊಳ್ಳಲಾರ. ಕೊಂಡರೂ ವರ್ಷದ ಎಂಟು ತಿಂಗಳು ಅದು ಕೊಟ್ಟಿಗೆಯಲ್ಲಿ ನಿಂತಿರುತ್ತದೆ. ಹತ್ತು ಮಂದಿ ಕೂಡಿದರೆ ಕಷ್ಟವಲ್ಲ, ಸಂಘವೇ ಮುಂದೆ ಬಂದರೆ ಇನ್ನೂ ಸುಲಭ. ಕೊಯ್ಲಿನ ತಿಂಗಳುಗಳಲ್ಲಿ ಸರದಿಯ ಪಟ್ಟಿ ಮಾಡಿ, ಮೂಟೆಗಿಷ್ಟೆಂದು ಬಾಡಿಗೆ ಗೊತ್ತುಮಾಡಿ ಓಡಿಸಬಹುದು. ತೋಟದಿಂದ ಡಾಂಬರು ರಸ್ತೆಯವರೆಗೆ ಮನೆಯ ಪಿಕಪ್ಪು ಮಿತಿಯೊಳಗಿನ ಹೊರೆಯನ್ನು ತರಲಿ, ಅಲ್ಲಿಂದ ಮುಂದೆ ಸಂಘದ ಗಾಡಿ ಒಯ್ಯಲಿ. ಈ ವಿಷಯ ಬರುವ ಮಹಾಸಭೆಯಲ್ಲಿ ಚರ್ಚೆಗೆ ಬರಬೇಕೆಂದು ನಾವು ಒತ್ತಾಯಿಸುತ್ತೇವೆ. ಅಲ್ಲಿಯವರೆಗೆ 50 ಮೂಟೆಗೆ ಎರಡು ಸಲ ಓಡಾಡುವುದೇ ಲೇಸು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ಹಿರಿಯರು ಹೇಳಿದರು. ಇಪ್ಪತ್ತು ಮೂಟೆಗೆ ಹೋದ ಜೀವದ ಮಾತು ಬೇರೆ ಹೇಳಬೇಕಾಗಿಲ್ಲ. ಸ್ಟೀರಿಂಗು ಹಿಡಿದವನು ನಮ್ಮ ಮಗನಿರಬಹುದು, ಕೂಲಿಯ ಚಾಲಕನಿರಬಹುದು. ಅವನು ಘಾಟಿ ಇಳಿದು ಕ್ಷೇಮವಾಗಿ ಮನೆಗೆ ಬರುವುದು ಉಳಿದೆಲ್ಲ ಲೆಕ್ಕಕ್ಕಿಂತ ಮೊದಲಿನದು.